ಮಗಳ ಕ್ಲಾಸಿನಲ್ಲಿ ನನ್ನ ಪರೀಕ್ಷೆ

ಸ್ವಭಾವದಿಂದ ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಯಾವ ವಾಹನವೂ ಇಲ್ಲವೆಂದು ಖಾತ್ರಿಯಾದ ಮೇಲೂ, ಇನ್ನೊಬ್ಬರು ಯಾರಾದರೂ ದಾಟಲಿ, ಅವರ ಹಿಂದೆ ಹೋದರಾಯಿತು ಎಂದು ಕಾಯುವವನು. ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳಿದಾಗ ಸೆಟ್ ದೋಸೆ ತಂದಿಟ್ಟರೆ ಅದನ್ನೇ ತಿಂದು, ಚೆನ್ನಾಗಿತ್ತು ಎಂದೂ ಹೇಳಿ ಬರುತ್ತೇನೆ. ಇಂಥವನು ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಹದಿನಾರು ವರ್ಷ ಮಾಡಿದ ಕೆಲಸ ಬಿಟ್ಟು ಬಿ.ಎಡ್. ಕಾಲೇಜು ಸೇರಿದೆನೆಂದರೆ ಯಾರೂ ನಂಬುವುದಿಲ್ಲ. ಬೇರೆಯವರ ಧೈರ್ಯ ದಿನವೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತಿರುತ್ತದೆ. ನನ್ನದು ಹುಟ್ಟಿದಾಗಿನಿಂದ ಹಾಗೇ ಉಳಿದುಕೊಂಡು ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಅಷ್ಟನ್ನೂ ಒಟ್ಟಿಗೆ ಖರ್ಚು ಮಾಡಿ ಕೈ ತೊಳೆದುಕೊಂಡೆ.

ಕೆಲಸ ಎಂದರೆ ನನ್ನ ಸೋದರಮಾವನ ಜವಳಿ ಅಂಗಡಿ. ಮೈಸೂರಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಗಾದಿಯ ಮೇಲೆ ಕಾಲು ಮಡಿಚಿ ಕೂತು ಸೀರೆ ಬಿಡಿಸಿ ತೋರಿಸುವ ಹಳೆಯ ಅಂಗಡಿ. ಮಾವನವರು ನನ್ನ ಹೆಂಡತಿ ಗಿರಿಜೆಯ ತಂದೆಯೂ ಹೌದು; ನಮ್ಮ ಕಡೆ ಇದು ಮಾಮೂಲು. ಇದರಿಂದ ನನಗಾದ ಲಾಭವೆಂದರೆ ಒಬ್ಬನೇ ಮನುಷ್ಯನಿಗೆ ತಾಯಿಯ ತಮ್ಮನೆಂದು, ಹೆಂಡತಿಯ ಅಪ್ಪನೆಂದು, ಅಂಗಡಿಯ ಯಜಮಾನನೆಂದು ಮೂರು ಮೂರು ಸಲ ಹೆದರುವ ಸೌಲಭ್ಯ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ, "ಬೇರೆ ಕೆಲ್ಸ ಸಿಗೋಗಂಟ ಅಂಗ್ಡೀಲಿ ಕುಂತಿರು" ಎಂದಿದ್ದರು. ಬೇರೆ ಕೆಲಸ ತಾನಾಗಿ ಸಿಗಲಿಲ್ಲ, ನಾನಾಗಿ ಹುಡುಕಲಿಲ್ಲ. ಹದಿನಾರು ವರ್ಷ ಕೂತಿದ್ದೆ.

ಮನಸ್ಸು ಕದಲಿದ್ದು ಒಂದು ಸಣ್ಣ ಪ್ರಸಂಗದಿಂದ. ಮದುವೆ ಸೀರೆ ಆರಿಸಲು ಬಂದ ಒಂದು ಸಂಸಾರದ ಜೊತೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಿದ್ದಳು. ಹೆಂಗಸರೆಲ್ಲ ಬಣ್ಣದ ಚರ್ಚೆಯಲ್ಲಿ ಮುಳುಗಿದ್ದಾಗ ಅವಳು ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತ, ಲೆಕ್ಕ ಬಾರದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಸೀರೆ ಡಬ್ಬದ ಮುಚ್ಚಳದ ಮೇಲೆ ಆ ಭಿನ್ನರಾಶಿಯನ್ನು ಬಿಡಿಸಿ ತೋರಿಸಿದೆ. ಅವಳು ಒಂದು ಗಳಿಗೆ ನೋಡಿ, "ಓ!" ಅಂದಳು. ಅಷ್ಟೇ. ಆದರೆ ನನಗೆ ಆ "ಓ" ಕಿವಿಯಿಂದ ಹೋಗಲಿಲ್ಲ. ಅಷ್ಟು ವರ್ಷದಲ್ಲಿ ಎಷ್ಟೋ ಸಾವಿರ ಸೀರೆ ಬಿಡಿಸಿದ್ದೆ; ಒಂದಕ್ಕೂ ಯಾರೂ ಹಾಗೆ "ಓ" ಅಂದಿರಲಿಲ್ಲ. ಎಲ್ಲರೂ "ಇದೇ ಬಾರ್ಡರಿನಲ್ಲಿ ಬೇರೆ ಕಲರ್ ಇಲ್ವಾ?" ಎಂದೇ ಕೇಳುತ್ತಿದ್ದರು.

ಸರ್ಕಾರಿ ನೌಕರಿಯ ವಯಸ್ಸು ದಾಟಿತ್ತು. ಬನ್ನಿಮಂಟಪದ ಕಡೆಯ ಒಂದು ಖಾಸಗಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ನಮ್ಮ ಅಂಗಡಿಯ ಹಳೆಯ ಗಿರಾಕಿ. ಅವರ ಶಾಲೆಯ ಗಣಿತದ ಮೇಷ್ಟ್ರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. "ಅಷ್ಟರೊಳಗೆ ಬಿ.ಎಡ್. ಮುಗ್ಸಿಕೊಂಡು ಬನ್ನಿ ಬಸವರಾಜು, ಜಾಗ ನಿಮ್ಮದು. ಒಂದು ವರ್ಷ ತಡವಾದ್ರೆ ಮಾತ್ರ ನನ್ನ ಕೈಲಿರಲ್ಲ" ಎಂದಿದ್ದರು. ಅಂದರೆ ಒಂದೇ ಸಲಕ್ಕೆ ಪಾಸಾಗಬೇಕು. ಮನೆಯಲ್ಲಿ ಇದನ್ನು ಹೇಳಿದಾಗ ಗಿರಿಜೆ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿ, "ಸರಿ, ಸೇರಿ. ಆದ್ರೆ ಅಪ್ಪಂಗೆ ನೀವೇ ಹೇಳ್ಬೇಕು" ಎಂದಳು. ಆ ಎರಡನೇ ಮಾತಿಗೆ ನಾನು ಹದಿನೈದು ದಿನ ತೆಗೆದುಕೊಂಡೆ.

ಕಡೆಗೆ ಹೇಳಿದ್ದು ಆ ಸೋಮವಾರ. ಮಾವನವರು ಆಗತಾನೇ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ ಅಂಗಡಿಗೆ ಬಂದು ಕೂತಿದ್ದರು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಏನಯ್ಯಾ, ಗಾದಿ ಬುಟ್ಬುಟ್ಟು ಹೋಗಿ ಹೈಕಳ ಜತೇಲಿ ಬೆಂಚಿನ ಮ್ಯಾಲೆ ಕುಂತ್ಕತೀಯಾ?"

"ಒಂದೇ ವರ್ಷ ಮಾವಾ."

"ಪೇಲಾದ್ರೆ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಪೇಲಾದ್ರೆ ಬಾ. ಬಾಗ್ಲು ತೆಗ್ದೇ ಇರ್ತದೆ" ಎಂದು ಮೆತ್ತಗೆ ಹೇಳಿ ಕನ್ನಡಕ ಹಾಕಿಕೊಂಡರು. ಆ ತೆರೆದ ಬಾಗಿಲು ಇಡೀ ವರ್ಷ ನನ್ನನ್ನು ಹೆದರಿಸಿತು. ನಪಾಸಾಗಿ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ಕಲ್ಪಿಸಿಕೊಂಡಾಗಲೆಲ್ಲ ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಯುತ್ತಿದ್ದೆ.

ಕಾಲೇಜಿನ ಮೊದಲ ದಿನ ನಾನು ಕೋಣೆಯೊಳಗೆ ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಅಂದರು. ನಾನು ಗಾಬರಿಯಲ್ಲಿ "ಕೂತ್ಕೊಳ್ಳಿ" ಎಂದು ಹೇಳಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆ ನಗು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. ನಗದೇ ಇದ್ದವಳು ಪಕ್ಕದಲ್ಲಿ ಕೂತಿದ್ದ ಸುಜಾತಾ ಒಬ್ಬಳೇ. ಕೆಸರೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ, ಇಪ್ಪತ್ಮೂರು ವರ್ಷದ, ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದ ಹುಡುಗಿ. ಅವಳಿಗೆ ನಗುವುದಕ್ಕೆ ಪುರಸೊತ್ತಿರಲಿಲ್ಲ. ನಾನು ಎಷ್ಟು ಪುಕ್ಕಲನೋ ಅವಳು ಅಷ್ಟು ನೇರ. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಆದರೆ ಅಣ್ಣನೆಂದು ಮಾತಿನಲ್ಲಿ ಒಂದು ಚೂರೂ ರಿಯಾಯಿತಿ ತೋರಿಸುತ್ತಿರಲಿಲ್ಲ.

ಬಿ.ಎಡ್. ಓದದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಪುಸ್ತಕದ ಪರೀಕ್ಷೆಗಿಂತ ಪಾಠ ಮಾಡಿ ತೋರಿಸುವ ಪರೀಕ್ಷೆಯೇ ದೊಡ್ಡದು. ಊರಿನ ಯಾವುದಾದರೊಂದು ಹೈಸ್ಕೂಲಿಗೆ ಹೋಗಿ ವರ್ಷವಿಡೀ ಅಭ್ಯಾಸದ ಪಾಠಗಳನ್ನು ಮಾಡಬೇಕು. ಹಿಂದಿನ ಬೆಂಚಿನಲ್ಲಿ ಜೊತೆಯ ವಿದ್ಯಾರ್ಥಿಯೊಬ್ಬರು ಕೂತು, ನಾವು ಮಾಡಿದ ಒಪ್ಪು ತಪ್ಪುಗಳನ್ನು ವೀಕ್ಷಣೆಯ ಪುಸ್ತಕದಲ್ಲಿ ಬರೆಯಬೇಕು. ಕೊನೆಗೆ ಹೊರಗಿನ ಊರಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಪಾಠ. ಅದರಲ್ಲಿ ಹೋದರೆ ವರ್ಷವೇ ಹೋಯಿತು. ನಮ್ಮ ಗಣಿತದ ಅಧ್ಯಾಪಕಿ ರುಕ್ಮಿಣಿ ಮೇಡಂ ಹೇಳಿಕೊಟ್ಟ ವಿಧಾನದಲ್ಲಿ, ಇವತ್ತು ಯಾವ ಪಾಠ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳುವಂತಿಲ್ಲ. ಪೀಠಿಕೆಯ ಪ್ರಶ್ನೆಗಳನ್ನು ಕೇಳಿ, ಮಕ್ಕಳ ಬಾಯಿಂದಲೇ ಹೊರಡಿಸಬೇಕು. ನಾನು ಅಪವರ್ತನದ ಪಾಠಕ್ಕೆ, ಮೂರು ನಾಲ್ಕಲಿ ಎಂಬ ಉತ್ತರ ಬರಲೆಂದು, "ಹನ್ನೆರಡು ಎಂದರೆ ಏನು ಮಕ್ಕಳೇ?" ಎಂದು ಕೇಳಿದೆ. ಒಬ್ಬ "ಡಜನ್ ಸಾರ್" ಅಂದ. ಇನ್ನೊಬ್ಬ "ಕ್ಯಾಲೆಂಡರು ಸಾರ್" ಅಂದ. ಮೂರನೆಯವಳು ಎದ್ದು ನಿಂತು, "ನಮ್ಮನೆ ನಂಬರ್ ಸಾರ್" ಅಂದಳು. ಆ ದಿನ ಅಪವರ್ತನ ಹೊರಡುವಷ್ಟರಲ್ಲಿ ಗಂಟೆ ಹೊಡೆಯಿತು.

ನನ್ನ ವೀಕ್ಷಣೆಯ ಪುಸ್ತಕ ಸುಜಾತಾಳ ಕೈಯಲ್ಲಿತ್ತು. ಮೊದಲ ಪಾಠ ಮುಗಿದ ಮೇಲೆ ಅವಳು, "ತೆಪ್ಪಾಗಿ ತಿಳ್ಕಬ್ಯಾಡಿ ಕಣಣ್ಣ, ನೀವು ಪಾಠ ಮಾಡ್ತಾ ಇಲ್ಲ, ಸೀರೆ ತೋರಿಸ್ತಾ ಇದೀರಿ. 'ಈ ಲೆಕ್ಕ ಇಷ್ಟ ಆಗ್ಲಿಲ್ವಾ, ಇನ್ನೊಂದು ತೆಗೀಲಾ' ಅಂತ ಯಾರಾದ್ರೂ ಕೇಳ್ತಾರಾ?" ಎಂದಳು. ಅದನ್ನೂ ಬರೆದಳು. ಅದಕ್ಕಿಂತ ದೊಡ್ಡ ತೊಂದರೆ ನನ್ನ ಮೈನಸ್ಸಿನದು. ಹದಿನಾರು ವರ್ಷ ಬೀಜಗಣಿತ ಬಿಟ್ಟಿದ್ದರಿಂದಲೋ ಏನೋ, ಆವರಣದ ಹಿಂದೆ ಮೈನಸ್ ಬಂದರೆ ಒಳಗಿನ ಚಿಹ್ನೆ ಬದಲಿಸುವುದು ನನಗೆ ಮರೆತೇ ಹೋಗುತ್ತಿತ್ತು. ಅವಳು ಪ್ರತಿ ಸಲವೂ ಬರೆಯುತ್ತಿದ್ದಳು. "ಇದನ್ನೆಲ್ಲ ಬರೀಲೇಬೇಕಾ ಸುಜಾತಾ?" ಎಂದು ಒಂದು ಸಲ ಗೋಗರೆದೆ. "ಕಂಡದ್ದ ಬರೀಬೇಕಲ್ವಾಣ್ಣ" ಎಂದಳು. ಆ ವಾರ ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಇಷ್ಟೂ ಸಾಲದೆಂಬಂತೆ, ನಮ್ಮ ತಂಡಕ್ಕೆ ಅಭ್ಯಾಸಕ್ಕೆಂದು ಕೊಟ್ಟಿದ್ದು ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆಗಿದ್ದ ಹೈಸ್ಕೂಲು. ನನ್ನ ಮಗಳು ಚೇತನಾ ಅಲ್ಲೇ ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಸುದ್ದಿ ಕೇಳಿ ಅವಳು ಊಟ ಬಿಟ್ಟು ಎದ್ದಳು. ಮಲಗುವ ಮುಂಚೆ ನನ್ನ ಎದುರು ಬಂದು ನಿಂತು, "ಅಪ್ಪಾಜಿ, ಎರಡು ಮಾತು. ನೀವು ನಮ್ಮ ಬಿ ಸೆಕ್ಷನ್ನಿಗೆ ಬರಬಾರದು. ಸ್ಕೂಲಲ್ಲಿ ಎದುರಿಗೆ ಸಿಕ್ಕಿದ್ರೆ ನನ್ನ ಮಾತಾಡಿಸಬಾರದು" ಎಂದಳು. ಹದಿನಾಲ್ಕು ವರ್ಷದ ಮಕ್ಕಳಿಗೆ ಅಪ್ಪ ಎಂಬವನು ಮನೆಯೊಳಗೆ ಇರಬೇಕಾದ ವಸ್ತು. ನನಗೆ ನೋವಾಯಿತು, ಆದರೆ ಅವಳ ಕಷ್ಟವೂ ಕಂಡಿತು. ಮೇಡಂ ಅವರನ್ನು ಕೇಳಿಕೊಂಡು ಎಲ್ಲ ಪಾಠಗಳನ್ನೂ ಎ ಸೆಕ್ಷನ್ನಿನಲ್ಲೇ ಮಾಡಿದೆ. ವರಾಂಡದಲ್ಲಿ ಅವಳು ಎದುರಾದರೆ ನಾನು ನೋಟೀಸ್ ಬೋರ್ಡ್ ಓದುತ್ತ ನಿಲ್ಲುತ್ತಿದ್ದೆ. ಕಳೆದ ವರ್ಷದ ಕಬಡ್ಡಿ ತಂಡದ ಹೆಸರುಗಳು ನನಗೆ ಬಾಯಿಪಾಠವಾಗಿದ್ದವು.

ಪರೀಕ್ಷೆಯ ದಿನ ಬೆಳಿಗ್ಗೆ ಗಿರಿಜೆ ಇಸ್ತ್ರಿ ಮಾಡಿದ ಬಿಳಿ ಷರಟು ಕೊಟ್ಟಳು. ಚೇತನಾ ಜಡೆ ಹಾಕಿಸಿಕೊಳ್ಳುತ್ತ ನನ್ನ ಕಡೆ ಒಂದು ಸಲ ನೋಡಿದಳು. ಶಾಲೆಗೆ ಹೋದರೆ ರುಕ್ಮಿಣಿ ಮೇಡಂ ಗೇಟಿನಲ್ಲೇ ನಿಂತಿದ್ದರು. "ಬಸವರಾಜು, ಎ ಸೆಕ್ಷನ್ನಿನವರು ಸ್ಕೂಲ್ ಡೇ ಡ್ರಿಲ್ಲಿಗೆ ಗ್ರೌಂಡಿಗೆ ಹೋಗಿಬಿಟ್ಟಿದ್ದಾರೆ. ನಿಮಗೆ ಬಿ ಸೆಕ್ಷನ್ ಕೊಟ್ಟಿದ್ದಾರೆ. ಎಕ್ಸಾಮಿನರ್ ಆಗಲೇ ಒಳಗೆ ಕೂತಿದ್ದಾರೆ, ಬೇಗ ಬನ್ನಿ."

ನನ್ನ ಕೈಯಲ್ಲಿದ್ದ ಚಾರ್ಟಿನ ಸುರುಳಿ ಬೆವರಿಗೆ ಒದ್ದೆಯಾಯಿತು. ಮಗಳು ಆ ಕ್ಲಾಸಿನಲ್ಲಿದ್ದಾಳೆ ಎಂದು ಹೇಳೋಣವೆಂದು ಬಾಯಿ ತೆರೆದೆ. ಹೇಳಿದರೆ ಪಾಠ ಮುಂದಕ್ಕೆ ಹೋಗಬಹುದು. ಪರೀಕ್ಷಕರು ಸಂಜೆಯ ಬಸ್ಸಿಗೆ ಹೊರಟುಬಿಟ್ಟರೆ ಪಾಠವೇ ತಪ್ಪಬಹುದು. ಸೆಟ್ ದೋಸೆ ತಿಂದು ಬರುವ ಮನುಷ್ಯ ಏನು ಮಾಡಿಯಾನು? ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಚೇತನಾ ಮೂರನೇ ಬೆಂಚಿನ ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡೊಡನೆ ಪುಸ್ತಕದೊಳಗೆ ತಲೆ ಹುದುಗಿಸಿದಳು. ಹಿಂದೆ ಪರೀಕ್ಷಕರು, ನೆರೆತ ಮೀಸೆಯ, ನಗದ ಮನುಷ್ಯರು. ಅವರ ಪಕ್ಕ ರುಕ್ಮಿಣಿ ಮೇಡಂ, ಇನ್ನೊಂದು ಮೂಲೆಯಲ್ಲಿ ಸುಜಾತಾ. ಪೀಠಿಕೆಯ ಪ್ರಶ್ನೆ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಇನ್ನೊಂದು ಕೇಳಿದೆ. ನಲವತ್ತು ಮಕ್ಕಳು ನನ್ನನ್ನೂ ಚೇತನಾಳನ್ನೂ ಸರದಿಯಲ್ಲಿ ನೋಡಿದರು. ಪರೀಕ್ಷಕರು ಗಡಿಯಾರ ನೋಡಿ ಏನೋ ಬರೆದುಕೊಂಡರು. ವಿಧಾನವನ್ನೆಲ್ಲ ಬದಿಗಿಟ್ಟು, "ಇವತ್ತು ಅಪವರ್ತನ ಕಲಿಯೋಣ" ಎಂದು ನಾನೇ ಹೇಳಿಬಿಟ್ಟೆ. ರುಕ್ಮಿಣಿ ಮೇಡಂ ಕಣ್ಣು ಮುಚ್ಚಿಕೊಂಡರು.

ಬೋರ್ಡಿನ ಮೇಲೆ ಲೆಕ್ಕ ಬರೆದೆ. ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು. ಎರಡನೇ ಸಾಲಿನಲ್ಲಿ ಐದನ್ನು ಎರಡು, ಮೂರು ಎಂದು ಒಡೆದೆ. ಮೂರನೇ ಸಾಲಿನಲ್ಲಿ ಮೈನಸ್ ಮೂರನ್ನು ಹೊರಗೆ ತೆಗೆದು ಆವರಣ ಹಾಕಿದೆ. ನನ್ನ ದನಿ ಈಗ ತಕ್ಕಮಟ್ಟಿಗೆ ಸ್ಥಿಮಿತಕ್ಕೆ ಬಂದಿತ್ತು, ಮಕ್ಕಳೂ ಬರೆದುಕೊಳ್ಳುತ್ತಿದ್ದರು. ಪರವಾಗಿಲ್ಲ, ದಾಟಿಬಿಡಬಹುದು ಎಂದುಕೊಂಡು ನಾಲ್ಕನೇ ಸಾಲಿಗೆ ಸೀಮೆಸುಣ್ಣ ಎತ್ತಿದಾಗ ಹಿಂದಿನಿಂದ ಒಂದು ದನಿ ಬಂತು.

"ಸಾರ್."

ತಿರುಗಿದೆ. ಚೇತನಾ ಎದ್ದು ನಿಂತಿದ್ದಳು.

"ಸಾರ್, ಮೂರನೇ ಸಾಲಿನಲ್ಲಿ ತಪ್ಪಿದೆ. ಎರಡನೇ ಆವರಣದಲ್ಲಿ ಪ್ಲಸ್ ಅಲ್ಲ, ಮೈನಸ್ ಬರಬೇಕು."

ಬೋರ್ಡು ನೋಡಿದೆ. ಹೌದು, ಅದೇ ಮೈನಸ್ಸು. ಮಗಳೇ ನನ್ನನ್ನು ಮುಳುಗಿಸಿದಳಲ್ಲ ಎಂದು ಒಂದು ಕ್ಷಣ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ಅವಳು ಡೆಸ್ಕಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅದನ್ನು ಕಂಡ ಮೇಲೆ ಬೇರೇನೂ ತೋಚಲಿಲ್ಲ. "ಸರಿಯಾಗಿ ಹೇಳಿದೆಯಮ್ಮ. ತಪ್ಪು ನನ್ನದು" ಎಂದೆ. "ಯಾಕೆ ಮೈನಸ್ ಬರಬೇಕು? ಬಂದು ತೋರಿಸು." ಅವಳು ಬಂದು ಬರೆದಳು. ಮುಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ನಂಗೂ ಯಾವಾಗ್ಲೂ ಅದೇ ತಪ್ಪಾಗುತ್ತೆ" ಅಂದ. "ನನಗೂ ಅಷ್ಟೇನಪ್ಪ" ಎಂದೆ. ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಆ ಕ್ಲಾಸಿನಲ್ಲಿ ಏನಾಯಿತೋ, ಕೈಗಳು ಮೇಲೆದ್ದವು, ಮೂರು ಮಕ್ಕಳು ಬೋರ್ಡಿಗೆ ಬಂದು ಲೆಕ್ಕ ಮಾಡಿದರು, ಗಂಟೆ ಹೊಡೆದದ್ದೇ ತಿಳಿಯಲಿಲ್ಲ.

ಪರೀಕ್ಷಕರು ಎದ್ದು ಹೊರಡುವಾಗ ಹತ್ತಿರ ಬಂದು, "ಆ ಹುಡುಗಿ ಚುರುಕಿದ್ದಾಳೆ" ಅಂದರು. ನಾನು ಉತ್ತರಿಸುವ ಮೊದಲೇ ಬಾಗಿಲ ಪಕ್ಕದ ಹುಡುಗಿಯೊಬ್ಬಳು ಬಲು ಸಂತೋಷದಿಂದ, "ಸಾರ್, ಅವಳು ಈ ಸಾರ್ ಮಗಳೇ!" ಎಂದಳು.

ಪರೀಕ್ಷಕರ ಮುಖ ಗಂಟಿಕ್ಕಿತು. "ಸ್ಟಾಫ್ ರೂಮಿಗೆ ಬನ್ನಿ" ಎಂದಷ್ಟೇ ಹೇಳಿದರು.

ಅಲ್ಲಿ ಅವರು ಕೂತರು, ನಾನು ನಿಂತೆ. "ನೋಡಿ ಬಸವರಾಜು, ಬಹಳ ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಮಕ್ಕಳಿಗೆ ಪ್ರಶ್ನೆ, ಉತ್ತರ ಹೇಳ್ಕೊಟ್ಟು ಕೂರಿಸೋರನ್ನ ನೋಡಿದ್ದೀನಿ. ಬೇಕಂತ ಒಂದು ತಪ್ಪು ಮಾಡಿ, ಮನೆ ಮಗಳ ಕೈಲೇ ತಿದ್ದಿಸಿ, ನಮ್ಮ ಮಕ್ಕಳು ಎಷ್ಟು ಜಾಣರು ಅಂತ ತೋರಿಸೋರನ್ನ ಇದೇ ಮೊದಲು ನೋಡ್ತಿರೋದು. ಇದು ನಾಟಕ ಅಂತ ಬರೆದ್ರೆ ನೀವು ಮುಂದಿನ ವರ್ಷ ಮತ್ತೆ ಬರಬೇಕಾಗುತ್ತೆ."

"ಇಲ್ಲ ಸಾರ್, ಅದು ನಿಜವಾದ ತಪ್ಪು" ಎಂದೆ.

"ಒಂಬತ್ತನೇ ಕ್ಲಾಸಿನ ಲೆಕ್ಕ. ಬಿ.ಎಸ್ಸಿ. ಮಾಡಿದೋರು ನಿಜವಾಗ್ಲೂ ತಪ್ಪು ಮಾಡ್ತಾರಾ?"

"ನಾನು ಮಾಡ್ತೀನಿ ಸಾರ್. ನನಗೆ ನಿಜವಾಗ್ಲೂ ಬರಲ್ಲ."

ಗಣಿತದ ಮೇಷ್ಟ್ರಾಗಲು ಬಂದವನು, ತನಗೆ ಗಣಿತ ಬರುವುದಿಲ್ಲವೆಂದು ಕೈಮುಗಿದು ವಾದಿಸುವ ಸ್ಥಿತಿ ಅದು. ಅವರು ನಂಬಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು. ನನ್ನ ಕಣ್ಣ ಮುಂದೆ ಮಾವನವರ ಅಂಗಡಿಯ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಆಗ ಬಾಗಿಲಲ್ಲಿ ನಿಂತಿದ್ದ ಸುಜಾತಾ ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದು, ವೀಕ್ಷಣೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಸಾರ್, ವರ್ಸೆಲ್ಲ ಇವರ ಪಾಠ ನಾನೇ ನೋಡಿರೋದು. ಇದ ಒಂದ್ಸಲ ಓದಿ."

ಪರೀಕ್ಷಕರು ತಿರುವಿದರು. ಗಟ್ಟಿಯಾಗಿಯೇ ಓದತೊಡಗಿದರು. "ನಾಲ್ಕನೇ ಪಾಠ. ಆವರಣದ ಹಿಂದೆ ಮೈನಸ್ ಬಂದಾಗ ಒಳಗಿನ ಚಿಹ್ನೆ ಬದಲಿಸಲು ಮರೆತರು. ಏಳನೇ ಪಾಠ. ಅದೇ ತಪ್ಪು. ಹನ್ನೊಂದನೇ ಪಾಠ. ಅದೇ ತಪ್ಪು, ಹೇಳಿದ ಮೇಲೂ ಸ್ವಲ್ಪ ಹೊತ್ತು ಒಪ್ಪಲಿಲ್ಲ. ಹದಿನೈದನೇ ಪಾಠ. ಸರಿ ಮಾಡಿದ್ದನ್ನು ಅಳಿಸಿ ತಪ್ಪು ಮಾಡಿದರು." ಪ್ರತಿ ಪುಟದ ಕೆಳಗೂ ರುಕ್ಮಿಣಿ ಮೇಡಂ ಅವರ ಕೆಂಪು ಶಾಯಿಯ ಸಹಿ ಇತ್ತು. ನಾನು ನೆಲ ನೋಡುತ್ತ ನಿಂತಿದ್ದೆ. ನನ್ನ ದಡ್ಡತನ ಒಂದೊಂದೇ ಪುಟ ಹೊರಬರುತ್ತಿದ್ದಂತೆ ಎದೆಯ ಭಾರ ಇಳಿಯುತ್ತಿತ್ತು. ಇನ್ನೂ ಒಂದೆರಡು ಕಡೆ ಬರೆದಿರಬಾರದೇ ಎಂದು ಆಸೆಪಟ್ಟೆ.

ಪರೀಕ್ಷಕರ ಮೀಸೆ ಅಲುಗಿತು. ಆಮೇಲೆ ಅವರು ನಕ್ಕೇಬಿಟ್ಟರು. "ಆಯ್ತು ಕಣ್ರೀ, ನಂಬಿದೆ. ಇಷ್ಟು ನಿಯತ್ತಾಗಿ ಒಂದೇ ತಪ್ಪನ್ನ ಮಾಡೋಕೆ ನಾಟಕದೋರ ಕೈಲೂ ಆಗಲ್ಲ." ನಗು ನಿಂತ ಮೇಲೆ, "ತಪ್ಪು ತೋರಿಸಿದಾಗ ಆ ಹುಡುಗೀನ ಗದರಿಸದೆ ಬೋರ್ಡಿಗೆ ಕರೆದ್ರಲ್ಲ, ಅದಕ್ಕೆ ಪಾಸ್ ಮಾಡ್ತೀನಿ. ಮೈನಸ್ ಮಾತ್ರ ದಯವಿಟ್ಟು ಕಲೀರಿ" ಎಂದರು. ಹೊರಗೆ ಬಂದು ಸುಜಾತಾಳಿಗೆ ಏನು ಹೇಳಬೇಕೋ ತಿಳಿಯದೆ, "ಎಲ್ಲಾ ಬರ್ದಿದ್ದು ಒಳ್ಳೇದಾಯ್ತು" ಎಂದೆ. "ಹದಿನೆಂಟನೇ ಪಾಠದ್ದು ಓದ್ನಿಲ್ಲ ಅವರು. ಅದೇ ಇನ್ನೂ ಜೋರಾಗಿತ್ತು" ಎಂದಳು.

ಸ್ಕೂಟರ್ ನಿಲ್ಲಿಸಿದ ಕಡೆ ಚೇತನಾ ಬ್ಯಾಗು ತಬ್ಬಿಕೊಂಡು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಶಾಲೆಯ ಆವರಣದಲ್ಲಿ ಮಾತಾಡಿಸಬಾರದೆಂಬ ಕರಾರಿತ್ತಲ್ಲ, ನಾನು ಸುಮ್ಮನೆ ನಿಂತೆ. ಅವಳೇ ಕೇಳಿದಳು. "ಅಪ್ಪಾಜಿ, ನನ್ನಿಂದ ಫೇಲಾದ್ರಾ?"

"ಇಲ್ಲ ಕಣಮ್ಮ, ಪಾಸು. ಅದಿರಲಿ, ಎದ್ದು ನಿಂತು ಯಾಕೆ ಹೇಳಿದೆ? ನನ್ನ ಗುರುತೇ ಇಲ್ಲ ಅಂತಿದ್ದೆಯಲ್ಲ?"

"ನಾಲ್ಕನೇ ಸಾಲಿನಲ್ಲಿ ನೀವು ಸಿಕ್ಕಾಕ್ಕೊಂಡು ನಿಂತುಬಿಡ್ತಿದ್ರಿ. ಆಗ ಎಲ್ಲಾರೂ ನಗ್ತಿದ್ರು" ಎಂದವಳು ಮುಖ ತಿರುಗಿಸಿ, "ನಿಮ್ಮನ್ನ ನೋಡಿ ಯಾರಾದ್ರೂ ನಕ್ಕರೆ ನಂಗೆ ಆಗಲ್ಲ" ಎಂದಳು. ಸ್ಕೂಟರಿನ ಹಿಂದೆ ಕೂತು, ಶಾಲೆಯ ಗೇಟಿನ ಎದುರೇ, ಎಲ್ಲರೂ ನೋಡುತ್ತಿದ್ದಂತೆ ನನ್ನ ಸೊಂಟ ಹಿಡಿದುಕೊಂಡಳು.

ಫಲಿತಾಂಶ ಬಂತು, ಬನ್ನಿಮಂಟಪದ ಶಾಲೆಯ ಕೆಲಸವೂ ಸಿಕ್ಕಿತು. ಮಾವನವರು ಒಳ್ಳೆಯ ಷರಟಿನ ಬಟ್ಟೆಯೊಂದನ್ನು ಗಿರಿಜೆಯ ಕೈಲಿ ಕಳಿಸಿ, "ಮೇಷ್ಟ್ರಿಗೆ ಕೊಡವ್ವ" ಎಂದರಂತೆ. ನಾನು ಮೈನಸ್ಸನ್ನು ಹೇಗೋ ಪಳಗಿಸಿಕೊಂಡು ಪಾಠ ಮಾಡತೊಡಗಿ ಒಂದು ತಿಂಗಳಾಗಿರಬಹುದು. ಹತ್ತನೇ ಕ್ಲಾಸಿಗೆ ಬಂದಿದ್ದ ಚೇತನಾ ಒಂದು ಸಂಜೆ ಕಾಫಿ ಲೋಟ ನನ್ನ ಮುಂದಿಟ್ಟು, "ಅಪ್ಪಾಜಿ, ನನ್ನ ಮ್ಯಾಥ್ಸ್ ಟ್ಯೂಷನ್ನಿಗೆ ಸೇರಿಸ್ತೀರಾ?" ಎಂದು ಕೇಳಿದಳು.

"ಟ್ಯೂಷನ್ ಯಾಕಮ್ಮ? ಮನೇಲಿ ನಾನಿದ್ದೀನಲ್ಲ."

ಅವಳು ಬಹಳ ಪ್ರೀತಿಯಿಂದ, ನನಗೆ ನೋವಾಗದ ಹಾಗೆ ಹೇಳಿದಳು: "ಅದಕ್ಕೇ, ಅಪ್ಪಾಜಿ."

ಮರುದಿನವೇ ಕರೆದುಕೊಂಡು ಹೋದೆ. ಟ್ಯೂಷನ್ ಮೇಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವರು. ಗಂಭೀರವಾಗಿ ಒಂದು ಅರ್ಜಿ ಕೊಟ್ಟು ತುಂಬಲು ಹೇಳಿದರು. ಮಗಳ ಹೆಸರು ಬರೆದೆ, ಕ್ಲಾಸು ಬರೆದೆ. ಕೆಳಗೆ, ತಂದೆಯ ಉದ್ಯೋಗ ಎಂದಿತ್ತು. ಕೆಲಸ ಬದಲಾದ ಮೇಲೆ ಹಾಗೆ ಬರೆಯಲು ಸಿಕ್ಕ ಮೊದಲ ಕಾಗದ ಅದು. ಗಣಿತ ಶಿಕ್ಷಕ ಎಂಬ ಆ ಎರಡು ಪದಕ್ಕಾಗಿಯೇ ನಾನು ಇಷ್ಟೆಲ್ಲ ಪಾಡು ಪಟ್ಟಿದ್ದು. ಮೇಷ್ಟ್ರು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಚೇತನಾ ಗೋಡೆಯ ಕಡೆ ನೋಡಿದಳು. ನಾನು ಒಂದು ಗಳಿಗೆ ಯೋಚಿಸಿ, ದುಂಡಾದ ಅಕ್ಷರಗಳಲ್ಲಿ ಬರೆದೆ: ಜವಳಿ ವ್ಯಾಪಾರ.